ಕಡಿಯದ ನೀರು

ನನ್ನ ಹೆಂಡತಿ ಸಿಪೋರಾಳ ತುಟಿಗೆ ಬಣ್ಣ ಹಚ್ಚಿದ್ದರು.

ಐವತ್ತೊಂದು ವರ್ಷ ನನ್ನ ಜೊತೆ ಬಾಳಿದ ಹೆಂಗಸು ಮದುವೆಯ ದಿನವೂ ತುಟಿಗೆ ಬಣ್ಣ ಮುಟ್ಟಿಸಿದವಳಲ್ಲ. ಈಗ ಮಲೇಷ್ಯಾದ ಪಿನಾಂಗಿನ ಒಂದು ಶವಸಂಸ್ಕಾರ ಕಂಪನಿಯ ಹಿಂದಿನ ಕೋಣೆಯಲ್ಲಿ, ಉಕ್ಕಿನ ಮೇಜಿನ ಮೇಲೆ, ಕೆಂಪು ತುಟಿ ಗುಲಾಬಿ ಕೆನ್ನೆ ಮಾಡಿಸಿಕೊಂಡು ಮಲಗಿದ್ದಳು. ಎದೆಯ ಮೇಲೆ ಜೋಡಿಸಿದ ಕೈಗಳ ನಡುವೆ ಒಂದು ಪ್ಲಾಸ್ಟಿಕ್ ಶಿಲುಬೆ. ಶಿಲುಬೆಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದು ಅವಳದಲ್ಲ. ಗುರುತಿಲ್ಲದವರ ಹಲ್ಲು ಸೆಟ್ಟನ್ನು ಅವಳ ಬಾಯಿಗೆ ತುರುಕಿದಷ್ಟು ಹೇಸಿಗೆಯಾಯಿತು ನನಗೆ.

"ವೆರಿ ನ್ಯಾಚುರಲ್, ಅಂಕಲ್. ಲೈಕ್ ಸ್ಲೀಪಿಂಗ್ ಲಾ," ಎಂದ ಕಪ್ಪು ಟೈ ಕಟ್ಟಿದ ಕಂಪನಿಯವನು. ಇನ್ನು ಔಷಧಿ ಚುಚ್ಚಿದರೆ ಮೂರು ದಿನ ಹೀಗೆಯೇ ಇಡಬಹುದು, ಎಲ್ಲರೂ ಬಂದು ನೋಡಬಹುದು ಎಂದೂ ಹೇಳಿದ.

ಅವನದೇನೂ ತಪ್ಪಿರಲಿಲ್ಲ. ಅರ್ಜಿಯಲ್ಲಿ ಬರೆದಂತೆ ಮಾಡಿದ್ದ. ಅರ್ಜಿ ತುಂಬಿದವನು ನನ್ನ ಮಗ ಬಿನ್ಯಾಮಿನ್. ಧರ್ಮ ಎಂಬಲ್ಲಿ ಕ್ರಿಶ್ಚಿಯನ್ ಎಂದು ಬರೆದಿದ್ದ. ಮೂರು ವರ್ಷದ ಹಿಂದೆ ಇಲ್ಲಿನ ಬಯಾನ್ ಲೆಪಾಸಿನ ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಸೇರಿದಾಗಲೂ ಹಾಗೆಯೇ ಬರೆದಿದ್ದನಂತೆ.

ನಾವು ಬೆನೆ ಇಸ್ರೇಲ್, ಕೊಂಕಣದ ಯೆಹೂದಿಗಳು. ನನ್ನ ಅಜ್ಜ ರೈಲ್ವೆ ಕೆಲಸಕ್ಕೆಂದು ಹುಬ್ಬಳ್ಳಿಗೆ ಬಂದವನು. ನಮ್ಮ ಊರುಗಳಲ್ಲಿ ಯಾರೂ ನಮ್ಮನ್ನು ಹೆಸರು ಮುಚ್ಚಿಕೊಳ್ಳಿ ಎಂದವರಲ್ಲ. ಇಲ್ಲಿಯೂ ಯಾರೂ ಬಂದು ಹಾಗೆಂದಿರಲಿಲ್ಲ. ಈ ದೇಶದಲ್ಲಿ ಯೆಹೂದಿ ಎಂದರೆ ಕೆಲಸಕ್ಕೆ ಕುತ್ತು ಎಂದು ಹೆದರಿ ಮಗ ತಾನಾಗಿಯೇ ಮುಚ್ಚಿಕೊಂಡ. ಎರಡು ವರ್ಷದ ಹಿಂದೆ ನಾವಿಬ್ಬರೂ ಅವನ ಮನೆಗೆ ಬಂದಾಗ, ವಿಮಾನ ನಿಲ್ದಾಣದಿಂದ ಬರುವ ಕಾರಿನಲ್ಲಿಯೇ ನಮಗೂ ಮುಚ್ಚಿಕೊಳ್ಳಲು ಹೇಳಿದ. ಸಿಪೋರಾ ಕಿಟಕಿಯ ಕಡೆ ತಿರುಗಿದಳು. ನಾನು "ಆಗಲಿ" ಎಂದೆ. ಬಾಗಿಲ ಚೌಕಟ್ಟಿಗೆ ಹೊಡೆಯಲು ತಂದಿದ್ದ ಮೆಜೂಜಾ, ನಮ್ಮ ಪ್ರಾರ್ಥನೆಯ ಸುರುಳಿಯಿರುವ ಪುಟ್ಟ ಡಬ್ಬಿ, ಟ್ರಂಕಿನಲ್ಲಿಯೇ ಉಳಿಯಿತು.

ಇಲ್ಲಿನ ನಾಣ್ಯ ರಿಂಗಿಟ್ಟಿನ ಬೆಲೆ ಕುಸಿದ ವರ್ಷ ಅದಕ್ಕಿಂತ ಹೇಸಿಗೆಯದೊಂದು ನಡೆಯಿತು. ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸಲ್ಮಾನರ ಹೋಟೆಲಿನಲ್ಲಿ, ಮಗನ ಸಹೋದ್ಯೋಗಿಗಳ ಜೊತೆ ಚಹಾ ಕುಡಿಯುತ್ತಿದ್ದೆವು. ಅವರಲ್ಲೊಬ್ಬ, ಮಗನ ಮೇಲಧಿಕಾರಿ ದಾಮೋದರ, ಮಣಿಪಾಲದವನು, ಪೇಪರ್ ಮೇಜಿನ ಮೇಲೆ ಕುಕ್ಕಿ, "ಎಲ್ಲಾ ಈ ಯೆಹೂದಿಗಳ ಕೆಲಸ ಮಾರಾಯ. ಜಗತ್ತನ್ನೇ ತಿಂದು ಹಾಕ್ತಾರೆ. ಅಲ್ವಾ ಬೆನ್ನಿ?" ಎಂದ.

ನನ್ನ ಮಗ ನಕ್ಕು, "ಹೌದು ಲಾ, ಅವರ ರಕ್ತಾನೇ ಹಾಗೆ," ಎಂದ.

ನಾನು ಏನು ಮಾಡಿದೆ? ಲೋಟ ಎತ್ತಿ ಚಹಾ ಕುಡಿದೆ. ಸಕ್ಕರೆ ಹೆಚ್ಚಾಗಿದೆ ಎಂದೆ.

ಆ ಚಹಾದ ಅಂಟು ನನ್ನ ನಾಲಿಗೆಯ ಮೇಲೆ ಇನ್ನೂ ಇದೆ. ಹೆಂಡತಿಯ ಬಣ್ಣದ ತುಟಿಯನ್ನು ನೋಡುತ್ತ ನಿಂತಾಗ ನನಗೆ ತಿಳಿಯಿತು: ಆ ಬಣ್ಣ ಹಚ್ಚಿದವನು ಟೈ ಕಟ್ಟಿದವನಲ್ಲ, ನಾನು.

ಅವಳು ಗುರುವಾರ ಸಂಜೆ ತೀರಿಕೊಂಡಿದ್ದಳು. ಅಂದು ಶುಕ್ರವಾರ ಬೆಳಿಗ್ಗೆ. ಸೂರ್ಯ ಮುಳುಗಿದರೆ ಸಬ್ಬತ್, ನಮ್ಮ ವಿಶ್ರಾಂತಿಯ ದಿನ; ಮಣ್ಣು ಮಾಡುವಂತಿಲ್ಲ. ಅಷ್ಟರೊಳಗೆ ಅವಳನ್ನು ನಮ್ಮ ವಿಧಿಯಂತೆ ತೊಳೆದು, ಅವಳೇ ಹುಬ್ಬಳ್ಳಿಯಲ್ಲಿ ಹೊಲಿದಿಟ್ಟುಕೊಂಡಿದ್ದ ಬಿಳಿಯ ಬಟ್ಟೆ ತೊಡಿಸಿ, ಜಾರ್ಜ್‌ಟೌನಿನ ಹಳೆಯ ಯೆಹೂದಿ ಸ್ಮಶಾನಕ್ಕೆ ಒಯ್ಯಬೇಕು. ಅವಳನ್ನು ಅವಳಾಗಿಯೇ ಮಣ್ಣಿಗೆ ಕಳಿಸಬೇಕು. ಅದೊಂದು ಬಿಟ್ಟು ಬೇರೇನೂ ನನಗೆ ಬೇಕಾಗಿರಲಿಲ್ಲ. ಹೆಂಗಸನ್ನು ಹೆಂಗಸರೇ ತೊಳೆಯಬೇಕು, ಒಬ್ಬಳಿಂದ ಆಗದು. ಸೊಸೆ ಲೇಯಾ ಇದ್ದಳು. ಇನ್ನೊಬ್ಬಳು?

ಪಕ್ಕದ ಫ್ಲಾಟಿನ ಝುಬೇದಾ ಬಾಗಿಲ ಬಳಿ ನಿಂತಿದ್ದಳು. ಗದಗಿನ ಹೆಣ್ಣುಮಗಳು. ಅವಳ ಗಂಡ ನಝೀರ್ ಅದೇ ಕಾರ್ಖಾನೆಯ ಇಂಜಿನಿಯರ್. ಸಿಪೋರಾಳ ಜೊತೆ ದಿನಾ ಮಧ್ಯಾಹ್ನ ಮಾತಿಗೆ ಕೂರುತ್ತಿದ್ದಳು. ತನ್ನ ತಾಯಿಯ ಮಯ್ಯತ್ತನ್ನು ತಾನೇ ತೊಳೆದವಳು ಎಂದು ನನಗೆ ಗೊತ್ತಿತ್ತು.

ನಾನು ಅವಳ ಕಡೆ ಹೆಜ್ಜೆಯಿಟ್ಟೆ. ಮಗ ನನ್ನ ಮೊಣಕೈ ಹಿಡಿದ.

"ಅಪ್ಪಾ, ಬ್ಯಾಡ. ಈ ತಿಂಗಳು ನಲವತ್ತು ಮಂದೀನ ತಗದಾರ. ಮಾತು ಆಫೀಸಿನ ತನಕ ಹೋತಂದ್ರ ನನ್ನ ಕೆಲಸದ ಪಾಸ್ ಹೋಕ್ಕೈತಿ."

"ಕೈ ಬಿಡು," ಎಂದೆ. "ನಿನ್ನ ಕೈ ನನಗ ಹೇಸಿಗಿ ಬರ್ತೈತಿ."

ಹೆತ್ತ ಮಗನಿಗೆ ಆಡುವ ಮಾತಲ್ಲ. ಆಡಿದೆ.

"ಝುಬೇದಾ, ನಾವು ಕ್ರಿಶ್ಚಿಯನ್ನರಲ್ಲವ್ವಾ," ಎಂದೆ. "ನಾವು ಯೆಹೂದಿಗಳು. ಇಷ್ಟು ದಿನ ಸುಳ್ಳು ಹೇಳೀವಿ. ಇಕಿನ್ನ ತೊಳೀಲಿಕ್ಕೆ ಇನ್ನೊಂದು ಹೆಣ್ಣು ಜೀವ ಬೇಕಾಗೈತಿ."

ಅವಳ ಮುಖ ಬಿಗಿದುಕೊಂಡಿತು. ನಾನು ಬೈಗುಳಕ್ಕೆ ಸಿದ್ಧನಾದೆ. ಆದರೆ ಅವಳು ಬೈದದ್ದು ನಾನೆಣಿಸಿದ್ದಕ್ಕಲ್ಲ.

"ಏನಂದ್ರಿ ಅಜ್ಜಾರ? ಯೆಹೂದಿಗಳಂದ್ರ ಹಂದಿ ತಿನ್ನಂಗಿಲ್ಲಲ್ರೀ?"

"ಇಲ್ಲವ್ವಾ."

"ನೀವು ಹಂದಿ ತಿನ್ನೋ ಮಂದಿ ಅಂತ ತಿಳಕೊಂಡು ಅಮ್ಮಾರಿಗೆ ನಮ್ಮನ್ಯಾಗ ಬ್ಯಾರೆ ತಾಟು ಇಟ್ಟಿದ್ದೆ! ಎರಡು ವರ್ಷ! ಉಂಡ ಮ್ಯಾಲೆ ಅದನ್ನ ಬ್ಯಾರೆ ತಿಕ್ಕಿ, ಬ್ಯಾರೆ ಕಡೆ ಇಡ್ತಿದ್ದೆ. ಅಮ್ಮಾರು ನೋಡ್ತಿದ್ರು. ಒಂದ್ ಮಾತರೆ ಆಡಬಾರದೇನ್ರೀ?" ಅವಳ ಕಣ್ಣಿನಿಂದ ನೀರು ಇಳಿಯಿತು. "ಥೂ. ನಿಮ್ಮ ಸುಳ್ಳಿನ ಸಲುವಾಗಿ ನನ್ನ ಕೈಲಿಂದ ಎಂಥಾ ಕೆಲಸ ಮಾಡಿಸಿದ್ರಿ!"

ನಾನು ತಲೆ ತಗ್ಗಿಸಿದೆ. ಬೇರೆ ತಟ್ಟೆಯ ಮಾತು ಸಿಪೋರಾ ನನಗೆ ಹೇಳಿರಲೇ ಇಲ್ಲ.

ಝುಬೇದಾ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮ ಮ್ಯಾಲೆ ಸಿಟ್ಟು ಹೋಗಿಲ್ಲ, ಹೋಗೂದೂ ಇಲ್ಲ. ಅದು ಬ್ಯಾರೆ. ನಿಮ್ಮೊಳಗ ಹ್ಯಾಂಗ ತೊಳೀತಾರ, ಹೇಳ್ರಿ."

ಗಂಡಸರು ಹೊರಗೆ ಬಂದೆವು. ನಾನು ಮುಚ್ಚಿದ ಬಾಗಿಲಿಗೆ ಹಣೆ ತಾಗಿಸಿ ನಿಂತೆ. ನನ್ನ ತಾಯಿ ಹುಬ್ಬಳ್ಳಿಯಲ್ಲಿ ನಮ್ಮವರ ಹೆಂಗಸರನ್ನು ತೊಳೆಯುವವಳಾಗಿದ್ದಳು. ಕ್ರಮವೆಲ್ಲ ನನಗೆ ಬಾಯಿಪಾಠ. ಒಂದೊಂದಾಗಿ ಹೇಳಿದೆ. ಮೊದಲು ಮುಖ. ಬಣ್ಣ ಪೂರಾ ಹೋಗಲಿ. ಆಮೇಲೆ ಬಲಗಡೆ, ಆಮೇಲೆ ಎಡಗಡೆ. ಬೋರಲು ಹಾಕಬೇಡಿ. ತೊಳೆಯುವಷ್ಟು ಭಾಗ ಮಾತ್ರ ತೆರೆಯಿರಿ.

"ನಮ್ಮೊಳಗೂ ಬಲಗಡೆಲಿಂದನ," ಎಂದು ಒಳಗಿನಿಂದ ಝುಬೇದಾಳ ಧ್ವನಿ ಬಂತು. ಮತ್ತೆ, "ಈ ಬಣ್ಣ ಎಣ್ಣೀದೈತಿ, ನೀರಿಗೆ ಹೋಗಂಗಿಲ್ಲ. ಲೇಯಾ, ಸಾಬೂನು ಕೊಡು. ಅಳಬ್ಯಾಡ, ಅವರ ಮ್ಯಾಲೆ ಬೀಳ್ತೈತಿ."

ಐವತ್ತೊಂದು ವರ್ಷ ನೋಡಿದ ಮುಖ ಬಾಗಿಲಿನ ಆಚೆ ಮತ್ತೆ ತನ್ನದಾಗುತ್ತಿತ್ತು. ಮುಂದಿನದು ಏನು, ಅದರ ಮುಂದಿನದು ಏನು ಎಂದು ನಾನು ಹೇಳುತ್ತ ಹೋದೆ. ಹಿರಿಯರು ದುಃಖಕ್ಕೆ ಸಮಾಧಾನ ಹೇಳಿ ಹೋಗಲಿಲ್ಲ; ಮಾಡಬೇಕಾದ ಕೆಲಸ ಹೇಳಿ ಹೋದರು.

ಕೊನೆಗೆ ಶುದ್ಧಿಯ ನೀರು. ಮೂರು ಬಕೆಟ್. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗಬೇಕು. ತಲೆಯಿಂದ ಕಾಲಿನವರೆಗೆ ಧಾರೆ ಕಡಿಯಬಾರದು. ನಾನು ಕಿವಿಯಿಟ್ಟು ಕೇಳಿದೆ. ಮೊದಲನೆಯದು, ಎರಡನೆಯದು... ಮೂರನೆಯದಕ್ಕೆ ಮೊದಲು ಒಂದು ಕ್ಷಣ ನಿಶ್ಶಬ್ದ.

"ನೀರು ಕಡೀತು. ಮತ್ತ ಮೊದಲಿಂದ," ಎಂದೆ.

"ಅಂಕಲ್, ಟ್ವೆಲ್ವ್ ಓ ಕ್ಲಾಕ್ ಅನದರ್ ಕ್ಲೈಂಟ್," ಎಂದು ಟೈಯವನು ಗಡಿಯಾರ ತೋರಿಸಿದ. ನಾನು ಅವನ ಮುಖವನ್ನೂ ನೋಡಲಿಲ್ಲ.

ಒಳಗೆ ನಲ್ಲಿ ತಿರುಗಿತು. ಬಕೆಟ್‌ಗಳು ತುಂಬಿದವು. ಈ ಸಲ ನೀರು ಒಂದೇ ಸಮನೆ ಸುರಿಯಿತು. "ತಹೋರಾ ಹೀ, ಇವಳು ಶುದ್ಧಳು," ಎಂದು ನಾನು ಹೇಳಿಕೊಟ್ಟೆ. ಲೇಯಾ ಒಳಗಿನಿಂದ ಅದನ್ನು ಮೂರು ಸಲ ಹೇಳಬೇಕು. ಮೊದಲನೆಯದು ಪಿಸುಮಾತು. ಎರಡನೆಯದು ನೀರಿನಲ್ಲಿ ಮುಳುಗಿತು. ಮೂರನೆಯದನ್ನು ಅವಳು ಕೂಗಿದಳು. ಕಂಪನಿಯ ಹುಡುಗಿಯರು ಮುಂದಿನ ಆಫೀಸಿನಿಂದ ಇಣುಕಿ ನೋಡಿದರು.

ಮೂರು ಗಂಟೆಗೆ ಸ್ಮಶಾನದಲ್ಲಿದ್ದೆವು. ಸುದ್ದಿ ತಿಳಿದು ಕಾರ್ಖಾನೆಯಿಂದ ಎಂಟು ಜನ ಬಂದಿದ್ದರು. ನಝೀರನೂ ಇದ್ದ, ದಾಮೋದರನೂ ಇದ್ದ. ಗೇಟಿನ ಮೇಲೆ ಯೆಹೂದಿ ಸ್ಮಶಾನ ಎಂದು ಬರೆದದ್ದನ್ನು ಕಂಡು ತಮ್ಮತಮ್ಮಲ್ಲೇ ಗುಸುಗುಸು ಮಾತಾಡುತ್ತಿದ್ದರು. ನಾವು ಮಣ್ಣು ಎಳೆದೆವು. ಮಗ ನನ್ನ ಪಕ್ಕಕ್ಕೆ ಬಂದು ಸಣ್ಣಗೆ ಕೇಳಿದ:

"ಅಪ್ಪಾ, ಅವ್ವನ ಹೆಸರಿಲೆ ಕದ್ದಿಷ್ ಪ್ರಾರ್ಥನಾ ಹೇಳಂಗಿಲ್ಲೇನು?"

"ಅದಕ್ಕ ನಮ್ಮವರು ಹತ್ತು ಗಂಡಸರು ಬೇಕು. ನಾವು ಇಬ್ಬರು."

ಅವನು ಸುತ್ತ ನೋಡಿದ. "ಇವರು ಎಂಟು ಮಂದಿ ಅದಾರ. ನಾವು ಸೇರಿದ್ರ ಹತ್ತಾತು. ಯಾರಿಗೆ ಗೊತ್ತಾಗ್ತೈತಿ? ಅವ್ವನ ಸಲುವಾಗಿ."

ಪ್ರೀತಿಯಿಂದಲೇ ಕೇಳಿದ್ದ. ಆದರೂ ನನಗೆ ಬೆಳಗಿನ ಅದೇ ಹೇಸಿಗೆಯಾಯಿತು.

"ಇವರನ್ನ ಎಣಿಸಿ ಅಕಿಗೆ ಇನ್ನೊಂದು ಸುಳ್ಳು ಕೊಡೂದು ಬ್ಯಾಡ," ಎಂದೆ. "ಇಬ್ಬರಿಗೆ ಏನು ಸಲ್ಲತೈತೋ ಅದನ್ನ ಹೇಳೂಣು. ಕೀರ್ತನೆ ಹೇಳು."

ಅವನು ಹೀಬ್ರೂವಿನಲ್ಲಿ ಮೊದಲ ಸಾಲು ಹೇಳಿದ. ಎದೆಯೊಳಗೇ ಉಳಿಯಿತು.

"ಕೇಳಸಲಿಲ್ಲ," ಎಂದೆ.

ಮಗ ಗಂಟಲು ಸರಿಮಾಡಿಕೊಂಡು ಮತ್ತೆ ಶುರುಮಾಡಿದ. ಈಗ ಧ್ವನಿ ಕಾಂಪೌಂಡಿನ ಗೋಡೆಯ ತನಕ ಹೋಯಿತು. ಎಂಟು ಜನರೂ ಅವನ ಕಡೆ ತಿರುಗಿದರು. ದಾಮೋದರ ಒಂದು ನಿಮಿಷ ನಿಂತು ಕೇಳಿದ. ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. ಆಮೇಲೆ ಯಾರಿಗೂ ಏನೂ ಹೇಳದೆ ಗೇಟಿನತ್ತ ನಡೆದ. ಕಾರಿನ ಬಾಗಿಲು ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು.

ಮಗನಿಗೂ ಕೇಳಿಸಿತು. ಅವನ ಮುಖ ಬಿಳಿಚಿಕೊಂಡದ್ದನ್ನು ನೋಡಿದೆ. ಅವನು ನಿಲ್ಲಿಸಲಿಲ್ಲ, ಮುಂದಿನ ಸಾಲಿಗೆ ಹೋದ.