ಮಾದರಿ ಪ್ರಬಂಧ

ಹನ್ನೊಂದು ಪ್ರಬಂಧಗಳಲ್ಲಿ ನಾಲ್ಕರಲ್ಲಿ ಅಪ್ಪ ಸತ್ತುಹೋಗಿದ್ದ.

ಜಯದೇವಿ ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಆ ನಾಲ್ಕನ್ನೂ ಬೇರೆ ತೆಗೆದಿಟ್ಟಳು. ಒಬ್ಬ ಅಪ್ಪ ಕಟ್ಟಡದ ಮೇಲಿಂದ ಬಿದ್ದಿದ್ದ. ಇನ್ನೊಬ್ಬನಿಗೆ ಕರೆಂಟ್ ಹೊಡೆದಿತ್ತು. ಮೂರನೆಯವನು ಹೊಸೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿದ್ದ. ಪಾಯ ತೋಡುವಾಗ ಮಣ್ಣು ಕುಸಿದು ಸತ್ತ ನಾಲ್ಕನೆಯವನು ಭಾಗ್ಯಜ್ಯೋತಿಯ ಅಪ್ಪ. ಅವನು, ಚನ್ನವೀರ, ಕಳೆದ ಭಾನುವಾರವಷ್ಟೇ ಪಾಲಕರ ಸಭೆಗೆ ಸೆಕ್ಯುರಿಟಿ ಯೂನಿಫಾರ್ಮಿನಲ್ಲೇ ಬಂದು, ಎರಡು ಲೋಟ ಚಹಾ ಕುಡಿದು, "ನಮ್ ಹುಡುಗಿನ್ನ ಒಂದು ದಂಡಿಗೆ ಹಚ್ರಿ ಮೇಡಂ" ಎಂದು ಕೈಮುಗಿದು ಹೋಗಿದ್ದ.

ಸಾರಕ್ಕಿ ಮಾರುಕಟ್ಟೆ ರಸ್ತೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆ ಅದು. ಶನಿವಾರ, ಭಾನುವಾರ ಮಾತ್ರ ಬಾಗಿಲು ತೆರೆಯುತ್ತಿತ್ತು. ಸರ್ಕಾರಿ ಕಾಲೇಜಿನಲ್ಲಿ ಎರಡನೇ ಪಿಯುಸಿ ಓದುವ ಮಕ್ಕಳು ಬಂದು ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು, ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದರು, ಸಂದರ್ಶನದಲ್ಲಿ ಹೇಗೆ ಕೂರಬೇಕು, ಹೇಗೆ ಉತ್ತರಿಸಬೇಕು ಎಂದು ಕಲಿಯುತ್ತಿದ್ದರು. ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಕೇಳುತ್ತವೆ: ನೀನು ಯಾರು, ಯಾಕೆ ಓದಬೇಕು. ಅದನ್ನು ಬರೆಸುವುದು ಜಯದೇವಿಯ ಪಾಲಿನ ಕೆಲಸ. ವಿಜಯಪುರದ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ಮನೆ, ವಾರದ ಐದು ದಿನ ಆಫೀಸು. ಉಳಿದೆರಡು ದಿನ ಏಳು ವರ್ಷದಿಂದ ಇಲ್ಲಿಗೇ ಬರುತ್ತಿದ್ದಳು.

ಎಲ್ಲರೂ ಹೊರಟ ಮೇಲೆ ಭಾಗ್ಯಜ್ಯೋತಿಯನ್ನು ನಿಲ್ಲಿಸಿಕೊಂಡಳು.

"ಭಾಗ್ಯಾ, ನಿಮ್ಮಪ್ಪ ಮೊನ್ನೆ ಬಂದಿದ್ರಲ್ಲ?"

"ಹೂಂ ರೀ ಮೇಡಂ."

"ಮತ್ತ ಇದೇನಿದು?" ಬೇಸರವಾದಾಗಲೆಲ್ಲ ಜಯದೇವಿಯ ಬಾಯಲ್ಲಿ ಊರಿನ ಮಾತೇ ಬರುತ್ತಿತ್ತು.

ಹುಡುಗಿ ತಲೆ ತಗ್ಗಿಸಲಿಲ್ಲ. "ನೀವು ಕೊಟ್ಟ ಮಾಡೆಲ್‌ದಾಗ ಹಂಗ ಐತಲ್ರಿ. ಆ ಅಕ್ಕಗ ಪೂರಾ ಸ್ಕಾಲರ್‌ಶಿಪ್ ಸಿಕ್ತು ಅಂತ ನೀವ ಹೇಳಿದ್ರಿ."

"ನಿಮ್ಮಪ್ಪಗ ಗೊತ್ತೈತೇನು?"

"ಕೇಳೇ ಬರದೀನ್ರಿ. ಸೀಟ್ ಸಿಗತೈತಿ ಅಂದ್ರ ಸಾಯಸು, ನಂದೇನ್ ಹೋಗತೈತಿ ಅಂದ." ಪುಸ್ತಕ ಚೀಲಕ್ಕೆ ತುರುಕುತ್ತ ಸೇರಿಸಿದಳು, "ನಕ್ಕೋತನ ಅಂದಾನ್ರಿ. ಆಮ್ಯಾಲ ರಾತ್ರಿ ಊಟ ಸರಿ ಮಾಡ್ಲಿಲ್ಲ."

ಜಯದೇವಿ ಅವಳನ್ನು ಕಳಿಸಿ ಬಹಳ ಹೊತ್ತು ಬಾಗಿಲನ್ನೇ ನೋಡುತ್ತ ಕುಳಿತಳು. ಮೂರು ವರ್ಷದಿಂದ ಅವಳಿಗೆ ಅದೊಂದು ರೋಗವಾಗಿತ್ತು. ಆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ, ಕರೆದರೂ ಒಳಗೆ ಬರುವುದಿಲ್ಲ ಎನ್ನಿಸುವುದು. ಭೀಮೇಶನನ್ನು ಅವಳು ನೋಡಿದ್ದು ಒಂದೇ ಸಲ. ಮಗಳು ಶಾಲಿನಿಯನ್ನು ಸೇರಿಸಲು ಬಂದಿದ್ದ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟಿದ್ದ. ಕುರ್ಚಿ ಖಾಲಿ ಇದ್ದರೂ ಕೂರಲಿಲ್ಲ. "ನಿಂತೇ ಇರ್ತೀನಿ ಬಿಡಿ ಮೇಡಂ" ಎಂದು ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು, ಮಗಳು ಅರ್ಜಿ ತುಂಬುವುದನ್ನು ನೋಡುತ್ತ ನಿಂತಿದ್ದ. ಐದು ತಿಂಗಳಾದ ಮೇಲೆ, ನವೆಂಬರಿನ ಒಂದು ಭಾನುವಾರ, ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಹಿಂದೆ ಕೊಳಚೆ ನೀರು ಶುದ್ಧ ಮಾಡುವ ತೊಟ್ಟಿಗೆ ಇಳಿದವನು ಮೇಲೆ ಬರಲಿಲ್ಲ.

ಅದಾಗಿ ಎರಡೇ ತಿಂಗಳಿಗೆ ಅರ್ಜಿಯ ಕೊನೆಯ ದಿನಾಂಕ. ಶಾಲಿನಿ ಬರೆದು ತಂದದ್ದು, ವಿಜ್ಞಾನದ ಟೀಚರಾಗಬೇಕೆಂಬ ಆಸೆಯ ಬಗ್ಗೆ ಒಂದೂವರೆ ಪುಟ. ತಪ್ಪಿರಲಿಲ್ಲ, ಜೀವವೂ ಇರಲಿಲ್ಲ.

"ನಿಮ್ಮ ತಂದೆ ವಿಷಯ ಬರಿ" ಎಂದಿದ್ದಳು ಜಯದೇವಿ.

"ಬೇಡ ಮೇಡಂ."

"ಸಾವಿರಾರು ಜನ ಬರೀತಾರೆ ಶಾಲಿನಿ. ಓದೋರಿಗೆ ನೀನು ನೆನಪಲ್ಲಿ ಉಳೀಬೇಕಲ್ಲ?"

ಮುಂದಿನ ವಾರ ಬರೆದು ತಂದಳು. ಅದು ಪೇಪರಿನ ಸುದ್ದಿಯ ಹಾಗಿತ್ತು. ಜಯದೇವಿ ಒಪ್ಪಲಿಲ್ಲ. "ಇದ್ರಲ್ಲಿ ನೀನೆಲ್ಲಿದೀಯಾ? ನೀನು ಕಾಣಬೇಕು" ಎಂದು ಹಿಂದಕ್ಕೆ ಕೊಟ್ಟಳು. ಅದರ ಮುಂದಿನ ವಾರ ಬಂದ ಎರಡು ಪುಟಗಳು ಅವಳಿಗೆ ಈಗ ಬಾಯಿಪಾಠ. ಇಂಗ್ಲಿಷಿನ ಸಣ್ಣ ಸಣ್ಣ ವಾಕ್ಯಗಳು: ಆ ಭಾನುವಾರ ಅಮ್ಮ ಅಜ್ಜಿಯ ಊರಿಗೆ ಹೋಗಿದ್ದಳು. ಅಪ್ಪನ ಫೋನು ರಿಪೇರಿಗೆ ಹೋಗಿತ್ತು. ಬೆಳಿಗ್ಗೆ ಏಳಕ್ಕೆ ಮೇಸ್ತ್ರಿಯ ಫೋನು ನನ್ನ ಮೊಬೈಲಿಗೆ ಬಂತು. ಅಪ್ಪ ಮಲಗಿದ್ದ. ನಾನು ಎಬ್ಬಿಸಿದೆ. ಎರಡು ಸಲ ಎಬ್ಬಿಸಬೇಕಾಯಿತು.

ಇದು ನಿಜವೇ ಎಂದು ಜಯದೇವಿ ಕೇಳಲಿಲ್ಲ. ಅವಳಿಗೆ ಆಗ ಆದದ್ದು ಖುಷಿ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಎಕ್ಸಲೆಂಟ್' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಹೈದರಾಬಾದಿನ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ಪೂರ್ತಿ ಸ್ಕಾಲರ್‌ಶಿಪ್ಪಿನೊಂದಿಗೆ ಸೀಟು ಸಿಕ್ಕಿತು. ಆ ವರ್ಷದಿಂದ ಶಾಲಿನಿಯ ಪ್ರಬಂಧ, ಹೆಸರು ತೆಗೆದು, ಜೆರಾಕ್ಸ್ ಆಗಿ ಪ್ರತಿ ತಂಡದ ಕೈಗೂ ಹೋಗುತ್ತಿತ್ತು. ಹಾಗೆ ಹೋದಾಗಲೆಲ್ಲ ಜಯದೇವಿಗೆ ಬಾಗಿಲ ಕಡೆ ನೋಡಲು ಆಗುತ್ತಿರಲಿಲ್ಲ. ಬಿಟಿಎಂನ ತನ್ನ ಬೀದಿಯಲ್ಲಿ ಮುಚ್ಚಳ ತೆರೆದ ಗುಂಡಿ ಕಂಡರೆ ಆಚೆ ಬದಿಗೆ ದಾಟಿಬಿಡುತ್ತಿದ್ದಳು. ಒಳಗೆ ಬಗ್ಗಿ ನೋಡಿದರೆ ಅವನು ಮೇಲಕ್ಕೆ ನೋಡುತ್ತಿರುತ್ತಾನೆ ಎಂಬ ಭಯ. ಯಾರಿಗೂ ಹೇಳಿಕೊಂಡಿರಲಿಲ್ಲ.

ಮರುದಿನ ಭಾನುವಾರ ತರಗತಿ ಮುಗಿಸಿ ಬೋರ್ಡು ಒರೆಸುತ್ತಿದ್ದಾಗ ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿದಳು. ಚೌಕಟ್ಟಿನ ಮೇಲೆ ಒಂದು ಕೈ. ಭೀಮೇಶನೇ ಎನಿಸಿತು. ಆಮೇಲೆ ಸೀರೆ ಕಂಡಿತು, ಅದರ ಮೇಲೆ ಕಸ ಗುಡಿಸುವವರ ಕೆಲಸದ ಕೋಟು. ಶಾಲಿನಿಯ ತಾಯಿ, ಮಾರಮ್ಮ.

"ಒಳಗ್ ಬರ್ಲಾ ಮೇಡಂ?"

"ಬನ್ನಿ ಮಾರಮ್ಮ, ಬನ್ನಿ. ಕೂತ್ಕೊಳ್ಳಿ."

ಮಾರಮ್ಮ ಕೂತಳು. ಕೋಟಿನ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟು ಅಂಗೈಯಿಂದ ನೀವಿದಳು.

"ನಮ್ ವಠಾರದಲ್ಲಿ ಭಾಗ್ಯ ಇದಾಳಲ್ಲ, ಮೊನ್ನೆ ಇದನ್ನ ಅವರಮ್ಮಂಗೆ ಓದ್ ಹೇಳ್ತಿದ್ಲು. ಇಂಗ್ಲಿಷಲ್ಲಿ ಒಂದ್ ಸಾಲು, ಕನ್ನಡದಲ್ಲಿ ಒಂದ್ ಸಾಲು. ನಾನೂ ಅಲ್ಲೇ ಅಕ್ಕಿ ಆರಿಸ್ತಾ ಕೂತಿದ್ದೆ. ಯಾರ್ ಮಗ್ಳೋ ಪಾಪ ಅಂತ ಕೇಳಿಸ್ಕೊತಿದ್ದೆ ಮೇಡಂ."

ಜಯದೇವಿ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ಕರ್ಚೀಫಿಗೆ ಕರ್ಪೂರ ಇಟ್ಟು ಮೂಗಿಗೆ ಕಟ್ಕೊಂಡ್ ಹೋಗ್ತಿದ್ರು ಅಂತ ಬಂತು ನೋಡಿ, ಆಗ ಗೊತ್ತಾಯ್ತು. ನಮ್ಮನೆಯೋರು. ಆಮೇಲೆ ಎಬ್ಬಿಸಿದ್ದು ಬಂತು." ಮಾರಮ್ಮ ಕಾಗದದ ಮೇಲಿಂದ ಕೈ ತೆಗೆಯಲಿಲ್ಲ. "ಅದು ನಿಜಾನಾ? ಇಲ್ಲಾ ಸೀಟಿಗೋಸ್ಕರ ಸೇರಿಸಿದ್ದಾ?"

"ನಂಗೆ ಗೊತ್ತಿಲ್ಲ ಮಾರಮ್ಮ. ನಾನು ಕೇಳ್ಲೇ ಇಲ್ಲ."

"ನಂಗೆ ಅವ್ಳು ಹೇಳಿದ್ದೇ ಬೇರೆ. ಅಪ್ಪ ತಾನೇ ಎದ್ದು ಹೋದ್ರು, ನಾನಿನ್ನೂ ಮಲ್ಗಿದ್ದೆ ಅಂತ." ಅವಳು ಕಿಟಕಿಯ ಕಡೆ ನೋಡಿದಳು. "ಮೂರ್ ವರ್ಷ ಆಯ್ತು, ಅವರ ನೆನಪಿನ ದಿನಕ್ಕೆ ಬಂದಿಲ್ಲ. ಬುದ್ಧರ ಫೋಟೋ ಮುಂದೆ, ಬಾಬಾಸಾಹೇಬರ ಫೋಟೋ ಮುಂದೆ ಮೇಣದಬತ್ತಿ ಹಚ್ಕೊಂಡು ನಾನೊಬ್ಳೇ ಕೂತ್ಕೊತೀನಿ. ಫೋನ್ ಮಾಡಿದ್ರೆ ಎಕ್ಸಾಮ್ ಅಂತಾಳೆ. ಎಲ್ಲಾ ವರ್ಷನೂ ಅದೇ ದಿನ ಎಕ್ಸಾಮ್ ಇರುತ್ತಾ ಮೇಡಂ? ರಜಕ್ಕೆ ಬಂದ್ರೂ ನಾಲ್ಕೇ ದಿನ. ಅವರು ಮಲಗ್ತಿದ್ದ ಜಾಗದಲ್ಲಿ ಕಾಲೇ ಇಡಲ್ಲ, ಗೋಡೆ ಪಕ್ಕ ಸುತ್ಕೊಂಡ್ ಹೋಗ್ತಾಳೆ. ಅವ್ಳಿಗೆ ನಮ್ ಮನೆ ನಾಚಿಕೆ ಆಗ್ಬಿಟ್ಟಿದೆ ಅನ್ಕೊಂಡಿದ್ದೆ ನಾನು."

ಕೆಳಗೆ ಗಿರಣಿ ಶುರುವಾಯಿತು. ನೆಲ ಸಣ್ಣಗೆ ಅದುರಿತು. ಅದು ನಿಲ್ಲುವ ಹೊತ್ತಿಗೆ ಮಾರಮ್ಮ ಜೆರಾಕ್ಸನ್ನು ಮತ್ತೆ ನಾಲ್ಕು ಮಡಿಕೆ ಮಾಡಿದ್ದಳು.

"ಒಂದು ಕಾಗದ ಬರ್ಕೊಡಿ" ಎಂದಳು ಮಾರಮ್ಮ. "ಇಂಗ್ಲಿಷಲ್ಲಿ."

"ಇಂಗ್ಲಿಷಲ್ಲಿ ಯಾಕೆ? ನೀವೇ ಫೋನ್ ಮಾಡಿ ಮಾತಾಡಿ."

"ನಾನು ಮಾತೆತ್ತಿದ್ರೆ ಇಟ್ಬಿಡ್ತಾಳೆ. ಅವ್ಳು ಇಂಗ್ಲಿಷಲ್ಲಿ ತಾನೇ ಹೇಳಿರೋದು? ಅದ್ರಲ್ಲೇ ಹೇಳ್ಬೇಕು."

ಜಯದೇವಿ ಹಾಳೆ ತೆಗೆದುಕೊಂಡಳು. ಮಾರಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದವಳಂತೆ ನಿಧಾನವಾಗಿ ಹೇಳತೊಡಗಿದಳು.

"ಹಿಂದಿನ್ ದಿನ ರಾತ್ರಿ ನಾನು ಊರಿಂದ ಫೋನ್ ಮಾಡಿದ್ದೆ. ನಿಮ್ಮಪ್ಪಂಗೆ ಹೇಳಿದ್ದೆ, ನಾಳೆ ಮೇಸ್ತ್ರಿ ಕರೆದ್ರೆ ಹೋಗು, ಮನೇಲಿ ಬಿದ್ಕೊಂಡಿರಬೇಡ ಅಂತ. ಕಳ್ಸಿದ್ದು ನಾನು. ನೀನು ಎಬ್ಬಿಸ್ದೇ ಇದ್ರೂ ಅವರು ಹೋಗ್ತಿದ್ರು."

ಜಯದೇವಿಯ ಪೆನ್ನು ನಿಂತಿತು. ಭೀಮೇಶನ ಫೋನು ರಿಪೇರಿಗೆ ಹೋಗಿತ್ತು. ಮನೆಯಲ್ಲಿದ್ದದ್ದು ಮಗಳ ಫೋನು ಒಂದೇ. ತಲೆ ಎತ್ತಿದಳು. ಮಾರಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಕಣ್ಣು ಕದಲಿಸಲಿಲ್ಲ.

"ಬರೀರಿ ಮೇಡಂ."

ಜಯದೇವಿ ಬರೆದಳು.

"ಊಟ ಸರಿಯಾಗಿ ಮಾಡು ಅಂತಾನೂ ಹಾಕಿ. ಈಗ ಒಂದ್ಸಲ ಓದಿ. ಇಂಗ್ಲಿಷಲ್ಲೇ ಓದಿ."

ಜಯದೇವಿ ಓದಿದಳು. ಒಂದು ಮಾತೂ ತಿಳಿಯದ ಆ ಭಾಷೆಯನ್ನು ಮಾರಮ್ಮ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು. ನಂತರ ಎದ್ದು ಸೆರಗು ಸರಿಮಾಡಿಕೊಂಡು, "ಇವತ್ತೇ ಕಳ್ಸಿ" ಎಂದು ಮೆಟ್ಟಿಲಿಳಿದಳು. ಜಯದೇವಿ ಹಾಳೆಯ ಫೋಟೋ ತೆಗೆದು ಶಾಲಿನಿಗೆ ವಾಟ್ಸಾಪ್ ಮಾಡಿದಳು.

ನಾಲ್ಕು ದಿನ ಉತ್ತರವಿಲ್ಲ. ಗುರುವಾರ ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿದ್ದಾಗ ಶಾಲಿನಿಯ ಫೋನು ಬಂತು. ಜಯದೇವಿ ತಟ್ಟೆ ಬಿಟ್ಟು ಎದ್ದು ಹೊರಗೆ ಬಂದಳು.

"ಮೇಡಂ, ಇದು ಅಮ್ಮ ಹೇಳಿದ್ದಾ, ನೀವು ಬರೆದಿದ್ದಾ?"

"ಅಮ್ಮ ಹೇಳಿದ್ದು. ನಾನು ಬರೀ ಇಂಗ್ಲಿಷ್ ಮಾಡ್ದೆ."

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದಾಯಿತು.

"ಆ ರಾತ್ರಿ ಅಮ್ಮ ಫೋನೇ ಮಾಡಿಲ್ಲ ಮೇಡಂ. ಮಾಡಿದ್ರೆ ನನ್ ಫೋನಿಗೇ ಬರ್ಬೇಕಿತ್ತು."

"ಹೂಂ."

"ಮತ್ತೆ ಯಾಕೆ ಹಂಗೆ ಹೇಳ್ತಿದಾರೆ?"

"ಅದನ್ನ ನೀನು ಬಂದು ಅವರನ್ನೇ ಕೇಳ್ಬೇಕು."

ಶಾಲಿನಿ ಅಳುತ್ತಿರಲಿಲ್ಲ. ಧ್ವನಿ ತೀರ ಸಪ್ಪಗಿತ್ತು. "ಇಂಗ್ಲಿಷಲ್ಲಿ ಬರೆದ್ರೆ ಅಮ್ಮಂಗೆ ಯಾವತ್ತೂ ಗೊತ್ತಾಗಲ್ಲ ಅನ್ಕೊಂಡಿದ್ದೆ. ಅದಕ್ಕೇ ಬರ್ದೆ. ಎಲ್ಲಾದ್ರೂ ಒಂದ್ ಕಡೆ ಹೇಳ್ಬೇಕಿತ್ತು ಮೇಡಂ. ಎರಡು ಸಲ ಎಬ್ಬಿಸ್ದೆ. ಮೊದಲ್ನೇ ಸಲ ಅಪ್ಪ ಬೇಡ ಅಂತ ಮಗ್ಗಲು ಬದಲಾಯಿಸಿದ್ರು."

"ತಪ್ಪಾಯ್ತು ಶಾಲಿನಿ. ನಾನು ಆಗ್ಲೇ ಕೇಳ್ಬೇಕಿತ್ತು."

"ನೀವು ಎಕ್ಸಲೆಂಟ್ ಅಂತ ಬರ್ದಿದ್ರಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು, ಅಷ್ಟೇ. ಆಮೇಲೆ "ಕ್ಲಾಸ್ ಇದೆ ಮೇಡಂ" ಎಂದು ಫೋನು ಇಟ್ಟಳು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಜಯದೇವಿ ಆ ಮಧ್ಯಾಹ್ನ ತನ್ನ ಸೀಟಿನಲ್ಲಿ ಕೂತು ಒಂದೇ ಇಮೇಲನ್ನು ಮೂರು ಸಲ ಓದಿದಳು, ಏನೂ ತಲೆಗೆ ಹೋಗಲಿಲ್ಲ.

ಶನಿವಾರ ತರಗತಿಯಲ್ಲಿ ಎಲ್ಲರ ಹತ್ತಿರವಿದ್ದ ಜೆರಾಕ್ಸ್‌ಗಳನ್ನು ವಾಪಸು ಕೇಳಿದಳು. ಮಕ್ಕಳು ಚೀಲ ತಡಕಾಡಿ ಕೊಟ್ಟರು. ಯಾರೂ ಯಾಕೆಂದು ಕೇಳಲಿಲ್ಲ. ಆ ನಾಲ್ವರ ಪ್ರಬಂಧಗಳನ್ನು ಅವರವರ ಕೈಗೆ ಮರಳಿಸಿದಳು. ಅವುಗಳಲ್ಲಿ ಒಂದು ಕೆಂಪು ಗೆರೆಯೂ ಇರಲಿಲ್ಲ.

"ಸೀಟ್ ಸಿಗಲಿಲ್ಲ ಅಂದ್ರೂ ಅಡ್ಡಿಯಿಲ್ಲ," ಎಂದಳು ಭಾಗ್ಯಜ್ಯೋತಿಗೆ, "ನಿಮ್ಮಪ್ಪನ್ನ ಬದುಕಿಸಿಕೊಂಡ್ ಬಾ."

"ಹಂಗಾರ ಏನ್ ಬರೀಲ್ರಿ ಅವನ ಬಗ್ಗೆ? ನೈಟ್ ಡ್ಯೂಟಿ ಮಾಡ್ತಾನ, ಮುಂಜಾನೆ ಬಂದು ಮಕ್ಕೊಂತಾನ. ಮತ್ತೇನೂ ಇಲ್ರಿ."

"ಅಷ್ಟ ಬರಿ."

ಹುಡುಗಿ ಅನುಮಾನದಿಂದಲೇ ಹೊಸ ಹಾಳೆ ತೆಗೆದು ಬರೆಯಲು ಕೂತಳು. ಉಳಿದವರೂ ಬಗ್ಗಿದರು. ಕೋಣೆಯಲ್ಲಿ ಪೆನ್ನುಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸೆಕೆ ಎನಿಸಿ ಜಯದೇವಿ ಕಿಟಕಿ ತೆಗೆಯಲು ಎದ್ದಳು.

ಕೆಳಗೆ ರಸ್ತೆ ಎಂದಿನಂತೆ ಗಿಜಿಗುಡುತ್ತಿತ್ತು. ನಡುವಿನ ಡಿವೈಡರಿನ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಳ ಬೆನ್ನಿಗೆ ಪ್ರಯಾಣದ ದೊಡ್ಡ ಬ್ಯಾಗು. ಸೀರೆಯ ಮೇಲೆ ಕೆಲಸದ ಕೋಟು ತೊಟ್ಟ ಇನ್ನೊಬ್ಬಳು, ವಾಹನಗಳ ನಡುವೆ ಚಿಕ್ಕ ಮಗುವನ್ನು ಹಿಡಿದುಕೊಳ್ಳುವ ಹಾಗೆ, ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದಳು. ಸಿಗ್ನಲ್ ಬಿದ್ದು ಬಸ್ಸುಗಳು ನಿಂತವು. ಸುತ್ತಲಿದ್ದವರೆಲ್ಲ ಓಡಿ ದಾಟಿದರು. ಅವರಿಬ್ಬರು ದಾಟಲಿಲ್ಲ. ಬ್ಯಾಗಿನ ಹುಡುಗಿ ಏನೋ ಹೇಳುತ್ತಿದ್ದಳು, ಹೆಂಗಸು ತಲೆ ಬಗ್ಗಿಸಿ ಕೇಳುತ್ತಿದ್ದಳು. ವಾಹನಗಳು ಮತ್ತೆ ಹೊರಟವು, ಮತ್ತೆ ನಿಂತವು. ಎರಡೂ ಬದಿಯಲ್ಲಿ ಹಾರ್ನುಗಳು ಮೊರೆಯುವ ನಡುವೆ, ಒಂದೇ ಅಡಿ ಅಗಲದ ಆ ಕಟ್ಟೆಯ ಮೇಲೆ ಅವರು ಹಾಗೆಯೇ ನಿಂತಿದ್ದರು.