ಎರಡು ಸಲ ಬರೆದದ್ದು

ಹಾಲನ ಸಂಬಳದ ಸರ್ಟಿಫಿಕೇಟಿನ ಮೇಲೆ ಶಿವರಂಜನಿಯ ಪೆನ್ಸಿಲ್ ನಿಂತುಬಿಟ್ಟಿತು. ಪಿ.ಎಫ್. ಹನ್ನೆರಡು ಸಾವಿರ, ಅದರ ಕೆಳಗೇ ಅದಕ್ಕೆ ಕೊಟ್ಟ ತೆರಿಗೆ ರಿಯಾಯಿತಿ, ಎರಡು ಸಾವಿರದ ನಾನೂರು. ಹೋದ ವರ್ಷ ತಾನೇ ತುಂಬಿದ್ದ ರಿಟರ್ನನ್ನು ಪಕ್ಕಕ್ಕೆಳೆದು ನೋಡಿದಳು. ಅಲ್ಲಿಯೂ ಅದೇ ಹನ್ನೆರಡು ಸಾವಿರ ಇತ್ತು, ಎರಡು ಸಲ.

ಹಾಲ ಊಟಿಯಾಚೆ ಅವಲಾಂಚಿನ ಕರೆಂಟ್ ಬೋರ್ಡಿನ ಕ್ಯಾಂಪಿನಲ್ಲಿ ಲೈನ್‌ಮನ್. ಬ್ಯಾಂಕಿನಲ್ಲಿ ಮನೆ ಸಾಲ ಕೇಳಿದ್ದರಿಂದ ಹಳೆಯ ರಿಟರ್ನಿನ ನಕಲು ಬೇಕೆಂದು ಬಂದಿದ್ದ. ಅವನು ಹೋದ ಮೇಲೆ ಅವಳು ಕ್ಯಾಂಪಿನ ಉಳಿದ ಆರು ಜನರ ಫೈಲುಗಳನ್ನೂ ಕಪಾಟಿನಿಂದ ತೆಗೆದಳು. ಸಂಬಳದಲ್ಲಿ ಹಿಡಿದ ಪಿ.ಎಫ್. ಹಣಕ್ಕೆ ಅವರ ಕಚೇರಿಯವರೇ ಆಗಲೇ ರಿಯಾಯಿತಿ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಬರುವ ಪಿ.ಎಫ್. ಚೀಟಿಯನ್ನು ಇವಳು ಬೇರೆ ಉಳಿತಾಯವೆಂದು ತಿಳಿದು ಇನ್ನೊಮ್ಮೆ ಬರೆದಿದ್ದಳು. ಏಳು ಜನ, ಎರಡೆರಡು ವರ್ಷ. ಎಲ್ಲರಿಗೂ ರೀಫಂಡ್ ಬಂದಿತ್ತು. ಬಂದಾಗ ಊಟಿಗೆ ಬಂದು ಅವಳ ಮೇಜಿನ ಮೇಲೆ ವರ್ಕಿ ಬಿಸ್ಕತ್ತಿನ ಪೊಟ್ಟಣ ಇಟ್ಟು ಹೋಗಿದ್ದರು.

ಅವಳು ಫೈಲುಗಳನ್ನೆಲ್ಲ ಎತ್ತಿಕೊಂಡು ಹೋಗಿ ಕೃಷ್ಣನ್ ಅವರಿಗೆ ತಪ್ಪನ್ನು ತೋರಿಸಿ, ತಿದ್ದಬೇಕು ಎಂದಳು. ಊಟಿಯ ಚೇರಿಂಗ್ ಕ್ರಾಸಿನ ಆ ಮಹಡಿ ಕೋಣೆಯಲ್ಲಿ ಅವರು ಇಪ್ಪತ್ತು ವರ್ಷದಿಂದ ತೆರಿಗೆ ಕೆಲಸ ಮಾಡುತ್ತಿದ್ದರು. ಅವಳು ನಾಲ್ಕು ವರ್ಷದಿಂದ ಅವರ ಗುಮಾಸ್ತೆ. ಅವರು ಕನ್ನಡಕ ತೆಗೆದು, ತಮಿಳಿನಲ್ಲಿ ಮೆಲ್ಲಗೆ ಕೇಳಿದರು:

"ಇಲಾಖೆಯವರು ಏನಾದರೂ ಕೇಳಿದರಾ?"

"ಇಲ್ಲ ಸಾರ್."

"ಕೇಳದೇ ಇರೋದಕ್ಕೆ ಉತ್ತರ ಯಾಕಮ್ಮ ಬರೀತೀಯ?"

"ಮೊದಲನೇ ವರ್ಷದ್ದು ತಿದ್ದೋದಕ್ಕೆ ಮಾರ್ಚ್ ಮೂವತ್ತೊಂದು ಕಡೇ ದಿನ ಸಾರ್. ಆಮೇಲೆ ನೋಟೀಸ್ ಬಂದರೆ ದಂಡ ಕಟ್ಟಬೇಕಾಗೋದು ಅವರೇ."

"ತಿದ್ದಿದರೆ ಈ ಆಫೀಸಿನ ಹೆಸರು ಹೋಗುತ್ತೆ. ನಾನು ಸೀಲ್ ಹಾಕಲ್ಲ."

"ರಿಟರ್ನಿಗೆ ಸೀಲ್ ಬೇಡ ಸಾರ್. ಅವರ ಸಹಿ ಇದ್ದರೆ ಸಾಕು."

ಕೃಷ್ಣನ್ ಕನ್ನಡಕ ಹಾಕಿಕೊಂಡರು. ಹಾಗಾದರೆ ಏಪ್ರಿಲ್‌ನಿಂದ ಬೇರೆ ಕಡೆ ನೋಡಿಕೋ ಎಂದರು. ಅವಳು ಆಗಲಿ ಎಂದಳು. ಮೇಜಿಗೆ ವಾಪಸು ಬಂದು ಕೂತಳು. ಮಧ್ಯಾಹ್ನದೊಳಗೆ ಹದಿನಾಲ್ಕು ಫಾರಂಗಳ ಲೆಕ್ಕ ಹೊಸದಾಗಿ ಹಾಕಿ ಮುಗಿಸಿದಳು.

ಭಾನುವಾರ ಮೊದಲ ಬಸ್ಸಿಗೆ ಅವಲಾಂಚಿಗೆ ಹೊರಟಳು. ಎಮರಾಲ್ಡ್ ಊರು ದಾಟಿದ ಮೇಲೆ ಬಸ್ಸಿನಲ್ಲಿ ನಾಲ್ಕೇ ಜನ ಉಳಿದರು. ಹಿಮ ಬಿದ್ದು ಸುಟ್ಟ ಹುಲ್ಲು ರಸ್ತೆಯ ಎರಡೂ ಕಡೆ ಕಂದಾಗಿತ್ತು. ಕ್ಯಾಂಪಿನಲ್ಲಿ ಅವಳು ಮೊದಲು ಹೋದದ್ದು ಫೋರ್‌ಮನ್ ಶಿವಲಿಂಗಯ್ಯನ ಕ್ವಾರ್ಟರ್ಸಿಗೆ. ಅವನೂ ಅವಳಂತೆ ಮಸಿನಗುಡಿಯವನು, ಅವಳ ಅಪ್ಪನ ಜೊತೆ ಓದಿದವನು. ಉಳಿದ ಆರು ಜನರನ್ನು ಅವಳ ಬಳಿಗೆ ಕಳಿಸಿದವನೂ ಅವನೇ.

ಹೆಂಡತಿ ಲಿಂಗಾಜಮ್ಮ ರಾಗಿ ರೊಟ್ಟಿ ತಟ್ಟುತ್ತಿದ್ದಳು. ಶಿವಲಿಂಗಯ್ಯ ತಟ್ಟೆ ಮುಂದೆ ಕೂತಿದ್ದ. ಶಿವರಂಜನಿ ಕೂರದೆ ನಿಂತೇ ಎಲ್ಲ ಹೇಳಿದಳು.

"ವಾಪಸ್ ಕಟ್ಬೇಕಾ?" ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಆ ದುಡ್ಡು ಗೌರ್ಮೆಂಟೇ ಕಳಿಸ್ತಲ್ಲವ್ವ. ನಾವೇನ್ ಕದ್ಕಂಡ್ ಬಂದ್ವಾ?"

"ಇಲ್ಲ ಚಿಕ್ಕಪ್ಪ. ನಾನು ತಪ್ಪಾಗಿ ಬರ್ದೆ, ಅದಕ್ಕೆ ಬಂತು."

"ಮೇ ತಿಂಗ್ಳಿಗೆ ನನಗೆ ರಿಟೈರು. ಈಗ ಬಂದು ಹಿಂಗಂತಿಯಲ್ಲ?"

"ಅದಕ್ಕೇ ಈಗ್ಲೇ ಬಂದೆ. ಈಗ ನಾವಾಗೇ ತಿದ್ಕೊಂಡ್ರೆ ಹೆಚ್ಚಿಗೆ ಬಂದಷ್ಟು ಕಟ್ಟಿ ಮುಗಿಸ್ಬೋದು. ಅದರ ಬಡ್ಡಿ ನಾನು ಕಟ್ತೀನಿ. ನೀವು ಕೊಟ್ಟಿದ್ದ ಫೀಸೂ ವಾಪಸ್ ತಂದಿದೀನಿ."

ಅವಳು ಲಕೋಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅವನು ಅದರ ಕಡೆ ನೋಡಲಿಲ್ಲ.

"ನಿನ್ ಬಡ್ಡಿ ಯಾರಿಗ್ ಬೇಕು!" ಅವನ ದನಿ ಏರಿತು. "ನಮ್ಮೂರ ಹುಡುಗಿ, ನಂಬಿ ಕೊಡಿ ಅಂತ ಅಷ್ಟೂ ಜನಕ್ಕೂ ಹೇಳ್ದೋನು ನಾನು. ನಾಳೆ ಯಾವ ಮುಖ ಹೊತ್ಕಂಡ್ ಡ್ಯೂಟಿಗೆ ಹೋಗ್ಲಿ?"

ಅವನು ಕೈ ತೊಳೆದು, ಸ್ವೆಟರ್ ಹಾಕಿಕೊಂಡು ಹೊರಗೆ ಹೋಗಿಬಿಟ್ಟ. ಲಿಂಗಾಜಮ್ಮ ಒಲೆಯ ಉರಿ ತಗ್ಗಿಸಿ ಹೇಳಿದಳು:

"ಅವ್ರಿಗೆ ದುಡ್ಡಿನ ಸಂಕ್ಟ ಅಲ್ಲ ಕಣವ್ವ. ನೀನು ಮೊದ್ಲು ಉಂಡ್ಬುಡು. ಆಮೇಲೆ ಹೋಗು, ಮಿಕ್ಕೋರ್ ಮನೆಗೂ ಹೋಗು. ಬಂದಿದ್ದು ಬಂದಿದೀಯ."

ಅವಳು ಎರಡು ರೊಟ್ಟಿ ತಿಂದು ಎದ್ದಳು. ಮುಂದಿನ ಬಾಗಿಲು ಹಾಲನದು. ಅವನು ತನ್ನ ಮನೆಮಾತು ಬಡಗದಲ್ಲಿ ಕೇಳಿದ, ಅವಳು ಕನ್ನಡದಲ್ಲಿ ಹೇಳಿದಳು; ಇಬ್ಬರಿಗೂ ತೊಡಕಾಗಲಿಲ್ಲ. ಇದರಿಂದ ಮನೆ ಸಾಲಕ್ಕೆ ಅಡ್ಡಿಯಾದೀತೇ ಎಂಬುದೊಂದೇ ಅವನ ಚಿಂತೆ. ಸರಿಯಾದ ಕಾಗದ ಕೊಟ್ಟರೆ ಅಡ್ಡಿಯಿಲ್ಲ ಎಂದಾಗ ಸಹಿ ಹಾಕಿದ. ಅದರಾಚೆಯ ಮನೆಯ ಮುರುಗನ್ ಅರ್ಧ ಗಂಟೆ ಬೈದ, ಬೈದು ಮುಗಿಸಿ ಹೆಂಡತಿಯಿಂದ ಟೀ ಮಾಡಿಸಿ ಕೊಟ್ಟ, ಸಹಿಯನ್ನು ಮಾತ್ರ ಮುಂದಿನ ವಾರಕ್ಕೆ ಎಂದ. ಇನ್ನೊಬ್ಬ ಬಾಗಿಲನ್ನೇ ತೆರೆಯಲಿಲ್ಲ. ಸಂಜೆಯ ಬಸ್ಸಿಗೆ ಅವಳ ಚೀಲದಲ್ಲಿದ್ದದ್ದು ಮೂವರ ಸಹಿ.

ಅವಳು ಮುಂದಿನ ಭಾನುವಾರವೂ ಹೋದಳು, ಅದರ ಮುಂದಿನದಕ್ಕೂ. ಪೋಸ್ಟಾಫೀಸಿನಲ್ಲಿ ತಿಂಗಳು ತಿಂಗಳು ಕಟ್ಟುತ್ತಿದ್ದ ಆರ್.ಡಿ.ಯನ್ನು ಮುರಿಸಿ ಬಡ್ಡಿಯ ಹಣ ತೆಗೆದಿಟ್ಟಳು. ಮೂರನೆಯ ಭಾನುವಾರದ ಹೊತ್ತಿಗೆ ಆರು ಜನ ಸಹಿ ಹಾಕಿದ್ದರು. ಬಾಗಿಲು ತೆರೆಯದವನು ಬಸ್ ನಿಲ್ದಾಣಕ್ಕೇ ಓಡಿ ಬಂದು ಹಾಕಿ ಹೋದ. ಶಿವಲಿಂಗಯ್ಯ ಮಾತ್ರ ಆಮೇಲಿನ ಎರಡೂ ಸಲ ಅವಳು ಬರುವ ಮೊದಲೇ ಡ್ಯಾಮಿನ ಕಡೆ ಹೋಗಿದ್ದ. ಅವನ ಎರಡು ಫಾರಂಗಳನ್ನು ಅವಳು ಲಿಂಗಾಜಮ್ಮನ ಕೈಗೆ ಕೊಟ್ಟು ಬಂದಳು.

ಮಾರ್ಚ್ ಇಪ್ಪತ್ತೇಳು, ಬುಧವಾರ. ಮುಂದೆ ಸಾಲಾಗಿ ರಜೆ ಇದ್ದುದರಿಂದ ತೆರಿಗೆ ಕಚೇರಿಯ ಮೊಗಸಾಲೆಯಲ್ಲಿ ಜನ ಕಿಕ್ಕಿರಿದಿದ್ದರು. ಕಿಟಕಿಯ ಗುಮಾಸ್ತ ಅವಳ ಕಟ್ಟನ್ನು ತಿರುವಿ ನೋಡಿ, ಇಲಾಖೆ ಕೊಟ್ಟ ಹಣ ವಾಪಸು ಕಟ್ಟಲು ಬಂದವರನ್ನು ಈ ಕಿಟಕಿಯಲ್ಲಿ ಇದೇ ಮೊದಲು ನೋಡುತ್ತಿರುವುದು ಎಂದ. ಹನ್ನೆರಡು ರಿಟರ್ನುಗಳಿಗೆ ಸೀಲು ಬಿತ್ತು. ರಸೀತಿಗಳನ್ನು ಜೋಡಿಸಿಕೊಂಡು ಅವಳು ತಿರುಗಿದಾಗ, ಮೆಟ್ಟಿಲ ಬಳಿ ಶಿವಲಿಂಗಯ್ಯ ನಿಂತಿದ್ದ. ಕೈಯಲ್ಲಿ ಬ್ಯಾಂಕಿನ ಚಲನ್ ಇತ್ತು.

"ಬಡ್ಡೀನೂ ನಾನೇ ಕಟ್ಟಿವ್ನಿ," ಎಂದ ಅವನು. "ಆ ಮಾತ್ನ ಇನ್ನೊಂದ್ಸಲ ಎತ್ಬ್ಯಾಡ."

ಅವಳು ತಲೆಯಾಡಿಸಿದಳು. ಅವನು ಜೇಬಿನಿಂದ ಫಾರಂಗಳನ್ನು ತೆಗೆದ. ಎರಡರಲ್ಲೂ ಸಹಿಯ ಜಾಗ ಖಾಲಿಯಿತ್ತು. ಅವಳು ಪೆನ್ನು ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ಸೈನ್ ಆಮೇಲೆ. ಇದರಾಗೆ ಏನೇನ್ ಬರ್ದಿದಿ, ಮೊದ್ಲಿಂದ ಹೇಳು."

"ಹನ್ನೆರಡೂವರೆಗೆ ಕಿಟಕಿ ಮುಚ್ತಾರೆ ಚಿಕ್ಕಪ್ಪ."

"ಮುಚ್ಲಿ. ಊಟ ಮಾಡ್ಕಂಡ್ ತಗೀತಾರೆ."

ಇಬ್ಬರೂ ಗೋಡೆಯ ಬದಿಯ ಬೆಂಚಿನಲ್ಲಿ ಕೂತರು. ಅವನು ಕಾಗದವನ್ನು ಮೊಣಕಾಲ ಮೇಲೆ ಹಾಸಿ, ಬೆರಳನ್ನು ಮೊದಲನೆಯ ಸಾಲಿನ ಕೆಳಗಿಟ್ಟ. ಅವಳು ಓದತೊಡಗಿದಳು. ಜನ ಅವರ ಕಾಲು ದಾಟಿಕೊಂಡು ಓಡಾಡುತ್ತಿದ್ದರು. ಬೆರಳು ಒಂದೊಂದೇ ಸಾಲು ಇಳಿಯುತ್ತ ಬಂದು, ಎರಡನೆಯ ಪುಟದ ನಡುವೆ, ಬೇರೆ ಉಳಿತಾಯದ ಸಾಲಿನ ಕೆಳಗೆ ನಿಂತಿತು.

"ಇದ್ಯಾಕೆ ಇಲ್ಲಿ ಸೊನ್ನೆ?" ಎಂದ ಅವನು.

ಅವಳು ಹತ್ತಿರ ಸರಿದು, ಅವನಿಗೆ ಕಾಣುವಂತೆ ಕಾಗದವನ್ನು ಬೆಳಕಿನ ಕಡೆ ತಿರುಗಿಸಿದಳು.