ಶಾಲು ಬೇರೆ, ಕಾಯಿ ಬೇರೆ

ಪಗಾರವಿಲ್ಲದ ಪದವಿಯೆಂದರೆ ಕೊರಳಿಗೆ ಕಟ್ಟಿಕೊಂಡ ಕಲ್ಲಲ್ಲದೆ ಮತ್ತೇನು? ಸುಳಕೂಡದ ಸಿದ್ರಾಮನಿಗೆ ಅಂಥದೊಂದು ಪದವಿ ಇತ್ತು. ಕೊಲ್ಹಾಪುರದ ನೌಕಾವಿಹಾರ ಕ್ಲಬ್ಬಿಗೆ ಅವನು ಸುಳಕೂಡದ ಘಾಟ್ ಪ್ರತಿನಿಧಿ. ಹೆಸರು ಕೇಳಿದರೆ ಎದೆ ಉಬ್ಬಬೇಕು, ಕೆಲಸ ಕೇಳಿದರೆ ಸೊಂಟ ಹಿಡಿದುಕೊಳ್ಳಬೇಕು.

ದೀಪಾವಳಿಯ ಆಸುಪಾಸಿನಲ್ಲಿ ದೂಧಗಂಗೆಯ ಬಂಧಾರಕ್ಕೆ, ಅಂದರೆ ನದಿಯ ಅಡ್ಡಗಟ್ಟೆಗೆ, ಹಲಗೆ ಇಳಿಸುತ್ತಾರೆ. ಆಮೇಲೆ ಊರ ಮಗ್ಗುಲಿಗೆ ನೀರು ತುಂಬಿ ನಿಲ್ಲುತ್ತದೆ. ಆ ನಿಂತ ನೀರಿನಲ್ಲಿ ದೋಣಿ ಆಡಿಸಲಿಕ್ಕೆ ರವಿವಾರ ಬಂತೆಂದರೆ ಪೇಟೆಯ ಮಂದಿ ಹಾಜರು. ಡಾಕ್ಟರರು, ವಕೀಲರು, ಬಂಗಾರದಂಗಡಿಯವರು, ಎಲ್ಲರ ಕಾರಿನ ನೆತ್ತಿಯ ಮೇಲೂ ಕೆಂಪು, ಹಳದಿ ಪ್ಲಾಸ್ಟಿಕ್ ದೋಣಿ. ನೀರು ಎಷ್ಟಿದೆಯೆಂದು ಅವರಿಗೆ ಫೋನಿನಲ್ಲಿ ಹೇಳಬೇಕು. ಮೊಸಳೆ ಇದೆಯೇ ಎಂದು ಕೇಳಿದರೆ ನಗದೆ ಉತ್ತರಿಸಬೇಕು. ಕಾರನ್ನು ಯಾರ ಕಬ್ಬಿನ ಬದುವಿಗೆ ನಿಲ್ಲಿಸಿದರೆ ಜಗಳವಾಗುವುದಿಲ್ಲ ಎಂದು ತೋರಿಸಬೇಕು. ದಡಕ್ಕೆ ಬಂದವರು ಹಗ್ಗ ಎಸೆದರೆ ಹಿಡಿಯಬೇಕು. ವಾರವಿಡೀ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಪಾಳಿ ಮಾಡಿ ಬಂದವನು ಸಿದ್ರಾಮ. ಕಿವಿಯೊಳಗಿನ ಖಟಖಟ ನಿಲ್ಲುವ ಮೊದಲೇ ಅವನಿಗೆ ರವಿವಾರ ಬೆಳಗಾಗುತ್ತಿತ್ತು.

ಇದು ಗಂಡನ ಕೆಲಸವಾಯಿತು. ಹೆಂಡತಿ ಗುರುಸಿದ್ದವ್ವನದು ಯಾವ ಲೆಕ್ಕದಲ್ಲೂ ಇರಲಿಲ್ಲ. ಬಂದವರ ಚಹಾ ಆಕೆಯದು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಆಕೆಯದು. ಹೆಣ್ಣುಮಕ್ಕಳಿಗೆ ಬಚ್ಚಲ ತೋರಿಸುವುದು, ಬಕೆಟ್ಟು ತುಂಬಿಡುವುದು, ತೊಯ್ದು ನಡುಗುವ ಮಕ್ಕಳಿಗೆ ಒಣ ಟವೆಲ್ ಕೊಡುವುದು ಆಕೆಯದು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಸಿದ್ರಾಮನ ಉಪಕಾರವೆಲ್ಲ ಹೀಗೆ ಹೆಂಡತಿಯ ಮೊಣಕಾಲಿನ ಮೇಲೆ ನಡೆಯುತ್ತಿತ್ತು. ಆ ಮೊಣಕಾಲುಗಳು ಈಗ ಸೋತಿದ್ದವು. ಒಲೆಯ ಮುಂದೆ ಕೂತರೆ ಏಳಲಿಕ್ಕೆ ಗೋಡೆ ಬೇಕಾಗುತ್ತಿತ್ತು.

ಈ ಸಲ ಕ್ಲಬ್ಬಿನ ಸಭೆ ಗೊತ್ತಾದಾಗ ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು. “ಈ ವರ್ಷ ಘಾಟು ಬಿಟ್ಟ ಬರ್ರಿ. ಇಲ್ಲಾಂದ್ರ ನಾ ಮಗಳ ಕಡೆ ಮಹಾಗಾಂವಕ್ಕ ಹೊಂಟೆ. ಕೂಸು ಸಣ್ಣದೈತಿ, ಆಕಿಗೂ ಒಬ್ಬರು ಬೇಕು.”

“ಸಿಟ್ಟಾಗಬ್ಯಾಡ,” ಎಂದ ಸಿದ್ರಾಮ.

“ಸಿಟ್ಟಿಲ್ಲರೀ. ಸಾಕಾಗೇತಿ.”

ಸಿಟ್ಟಾಗಿದ್ದರೆ ಸಿದ್ರಾಮ ಹೇಗೋ ಸಂಭಾಳಿಸುತ್ತಿದ್ದ. ಸಾಕಾದವರನ್ನು ಸಂಭಾಳಿಸುವುದು ಅವನಿಗೆ ಗೊತ್ತಿರಲಿಲ್ಲ. ಅವನಿಗೂ ಸಾಕಾಗಿತ್ತು, ಅದು ಬೇರೆ ಮಾತು.

ಬಿಡಬೇಕೆಂದು ಅವನು ಪ್ರತಿ ವರ್ಷವೂ ಹೋಗುತ್ತಿದ್ದ. ಆದರೆ ಆ ಕ್ಲಬ್ಬಿನ ಪದ್ಧತಿಯೇ ಒಂದು ನಮೂನೆ. ಅಲ್ಲಿ ಸಹಿಯಿಲ್ಲ, ಕೈ ಎತ್ತುವುದಿಲ್ಲ. ಒಬ್ಬೊಬ್ಬ ಘಾಟ್ ಪ್ರತಿನಿಧಿಯನ್ನು ವೇದಿಕೆಗೆ ಕರೆದು, ಮಾಡಿದ ಸೇವೆಗೆಂದು ಮೊದಲು ಶಾಲು ಹೊದಿಸುತ್ತಾರೆ. ಆಮೇಲೆ ಮುಂದಿನ ವರ್ಷಕ್ಕೆಂದು ತೆಂಗಿನಕಾಯಿ ನೀಡುತ್ತಾರೆ. ಕಾಯಿ ಹಿಡಿದೆಯೋ, ಘಾಟು ನಿನ್ನದು. ಇನ್ನು, ಮಂಗಲದ ಕಾಯಿಯನ್ನು ಮುಂದೆ ಚಾಚಿದಾಗ ಒಲ್ಲೆ ಎನ್ನುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಅದರಲ್ಲೂ ಕಾಯಿ ಕೊಡುವವರು ಅಧ್ಯಕ್ಷರಾದ ಮಹಾವೀರ ಅಣ್ಣಾ. ಬಾಯಿ ಸಕ್ಕರೆ, ಕೈ ನಡುಗುವ ವಯಸ್ಸು. “ಬ್ಯಾಡ್ರಿ ಅಣ್ಣಾ” ಎನ್ನುತ್ತ ಎನ್ನುತ್ತಲೇ ಸಿದ್ರಾಮ ಪ್ರತಿ ವರ್ಷ ಕಾಯಿ ಹಿಡಿದುಕೊಂಡು ಮನೆಗೆ ಬರುತ್ತಿದ್ದ.

ಅದಕ್ಕೇ ಈ ಸಲ ಗುರುಸಿದ್ದವ್ವ ತಾನೇ ಮೋಟರ್‌ಸೈಕಲ್ ಹತ್ತಿದಳು. ದಾರಿಯುದ್ದಕ್ಕೂ ಗಂಡನಿಗೆ ಒಂದೇ ಪಾಠ. “ಎರಡೂ ಕೈ ಹಿಂದ ಕಟ್ಟಿ ನಿಂದರ್ರಿ. ಬಾಯಿ ಏನರ ಅನ್ನಲಿ, ಕೈ ಮುಂದ ಬರಬಾರದು.”

ಕೊಲ್ಹಾಪುರದ ಸಭಾಗೃಹದಲ್ಲಿ ಫ್ಯಾನು ತಿರುಗುತ್ತಿತ್ತು, ಭಾಷಣ ಅದಕ್ಕಿಂತ ನಿಧಾನ ತಿರುಗುತ್ತಿತ್ತು. ಸುಳಕೂಡದ ಹೆಸರು ಕರೆದಾಗ ಸಿದ್ರಾಮ ಕೈ ಹಿಂದೆ ಕಟ್ಟಿಕೊಂಡೇ ಮೆಟ್ಟಿಲೇರಿದ. ಏರಿದವನೇ, ಉಸಿರು ಬಿಗಿಹಿಡಿದು, “ಅಣ್ಣಾ, ಯಾ ವರ್ಷೀ ಮಲಾ ಸೋಡಾ. ಈ ವರ್ಷ ನನ್ನ ಬಿಟ್ಟಬಿಡ್ರಿ,” ಎಂದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಮಾತು ಪೂರಾ ಹೊರಗೆ ಬಂದಿತ್ತು.

ಅಣ್ಣಾ ನಕ್ಕರು. “ನಿನ್ನ ಕರೆದವರು ಯಾರೋ? ಈ ಸಲ ಸತ್ಕಾರ ವಹಿನೀದು, ನಿನ್ನ ಹೆಂಡತೀದು. ಸುಳಕೂಡ ಘಾಟು ಅಂದ್ರ ಯಾರದಂತ ನಮಗ ಗೊತ್ತಿಲ್ಲೇನು?”

ಸಭೆಯೆಲ್ಲ ಚಪ್ಪಾಳೆ. ಹಲ್ಲಿನ ಡಾಕ್ಟರ್ ಶುಭಾಂಗಿ, ಪ್ರತಿ ರವಿವಾರ ಗುರುಸಿದ್ದವ್ವನ ರೊಟ್ಟಿ ತಿಂದು ಹೋಗುವವಳು, ಆಕೆಯ ಕೈ ಹಿಡಿದು ವೇದಿಕೆಗೆ ಹತ್ತಿಸಿದಳು. ಅಣ್ಣಾ ಶಾಲು ಹೊದಿಸಿದರು. ಹಸಿರು ಅಂಚಿನ ಶಾಲು. ಗುರುಸಿದ್ದವ್ವ ಅದರ ಅಂಚನ್ನು ಬೆರಳಿನಿಂದ ಸವರಿದಳು. ಮದುವೆಯಲ್ಲಿ ಉಡಿ ತುಂಬಿದ್ದು ಬಿಟ್ಟರೆ ಆಕೆಯನ್ನು ನಾಲ್ಕು ಜನರ ನಡುವೆ ನಿಲ್ಲಿಸಿ ಯಾರೂ ಏನೂ ಕೊಟ್ಟಿರಲಿಲ್ಲ. ಹೆಂಡತಿಯ ಮುಖ ನೋಡಿ ಸಿದ್ರಾಮ ಮನಸ್ಸಿನಲ್ಲೇ ಅಂದುಕೊಂಡ, ಮುಗೀತು, ಇವಳೂ ಕಾಯಿ ಹಿಡಿದಳು.

ಅಣ್ಣಾ ಕಾಯಿ ಚಾಚಿದರು.

ಗುರುಸಿದ್ದವ್ವ ಕಾಯಿ ನೋಡಿದಳು. ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. “ಶಾಲು ಮಾಡಿದ ಕೆಲಸಕ್ಕ ಅಲ್ರಿ, ಅಣ್ಣಾ? ತೊಗೊಂಡೇನಿ, ಭಾಳ ಸಂತೋಷ ಆತು. ಕಾಯಿ ಮಾಡೋ ಕೆಲಸಕ್ಕ. ಅದನ್ನ ಒಲ್ಲೆರಿ.” ಇಷ್ಟು ಹೇಳಿ ಕೈಮುಗಿದು, ಮೊಣಕಾಲಿಗೆ ಕೈ ಊರಿ ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಅಣ್ಣಾನ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು. ಮುಖದ ನಗೆಯನ್ನು ಎಲ್ಲಿಡಬೇಕೋ ಆ ಮುದುಕರಿಗೆ ತಿಳಿಯಲಿಲ್ಲ. ಕೈ ನಡುಗಿತು, ಕಾಯಿ ಜಾರಿತು, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಸಿದ್ರಾಮನ ಕೈಗಳು ಹಿಂದಿನಿಂದ ಮುಂದೆ ಬಂದು ಅದನ್ನು ಹಿಡಿದವು. ಅವನಲ್ಲ, ಕೈಗಳು. ಜನ ಅದನ್ನು ಕೇಳುತ್ತಾರೆಯೇ? ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ವಾಪಸ್ಸು ಬರುವಾಗ ಗಾಡಿ ಕಾಗಲ್ ದಾಟಿತು. ಸಿದ್ರಾಮ, “ಕಾಯಿ ಬೀಳತಿತ್ತು,” ಎಂದ.

“ಬಿದ್ದರ ಒಡೀತಿತ್ತು. ಚಟ್ನಿ ಅರೀತಿದ್ದೆ,” ಎಂದಳು ಗುರುಸಿದ್ದವ್ವ. ದನಿಯಲ್ಲಿ ಜಗಳವಿರಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಆ ವಾರದಲ್ಲೇ ಆಕೆ ಮಗಳ ಊರಿಗೆಂದು ಗಡಹಿಂಗ್ಲಜದ ಬಸ್ಸು ಹತ್ತಿದಳು. ಹತ್ತುವ ಮುಂಚೆ ಎರಡು ದಿನದ ಸಾರು ಕುದಿಸಿಟ್ಟಿದ್ದಳು, ಅವನ ಅಂಗಿ ಒಗೆದು ಮಡಚಿದ್ದಳು. ಅವನು ಚೀಲ ಎತ್ತಿಕೊಟ್ಟ. ಇರು ಎನ್ನಬೇಕೆಂದಿದ್ದ. ಯಾವ ಬಾಯಿಂದ ಎನ್ನುವುದು? ಬಸ್ಸು ಹೋಯಿತು.

ರವಿವಾರ ಬಂತು, ಅದರ ಹಿಂದೆ ಕಾರುಗಳೂ ಬಂದವು. ಶುಭಾಂಗಿ ಇಳಿದವಳೇ ಅತ್ತಿತ್ತ ನೋಡಿ, “ಕಾಕೂ ಕುಠೇ ಆಹೇತ? ಎಲ್ಲದಾರ ಕಾಕೂ?” ಎಂದು ಕೇಳಿದಳು. ಮಗಳ ಊರಿಗೆ ಹೋಗಿದ್ದಾಳೆ ಎಂದ ಸಿದ್ರಾಮ. “ಯಾವಾಗ ಬರ್ತಾರ?” ಎಂದಳು. ಅವನು ಚಹಾ ಮಾಡಲಿಕ್ಕೆ ಮನೆಯೊಳಗೆ ಹೋದ.

ಒಳಗೆ ಹೋದ ಮೇಲೆ ಗೊತ್ತಾಯಿತು. ಈ ಘಾಟಿನಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಕೆಸರಿದೆ, ಹಲಗೆ ತೆಗೆದರೆ ನೀರು ಮೊದಲು ಎಲ್ಲಿ ಇಳಿಯುತ್ತದೆ, ಎಲ್ಲ ಬಲ್ಲವನಿಗೆ ತನ್ನ ಮನೆಯಲ್ಲಿ ಚಹಾಪುಡಿ ಯಾವ ಡಬ್ಬಿಯಲ್ಲಿದೆ ಎಂಬುದು ಗೊತ್ತಿರಲಿಲ್ಲ. ಒಂದೊಂದೇ ಡಬ್ಬಿ ತೆಗೆದ. ಜೀರಿಗೆ, ಅಗಸಿ, ಗುರೆಳ್ಳು. ಕೊನೆಗೆ ಅಂಗಳಕ್ಕೆ ಬಂದು ಹೆಂಡತಿಗೆ ಫೋನು ಹಚ್ಚಿ, ಘಾಟಿನ ಕಡೆ ನಡೆಯುತ್ತಲೇ ಕೇಳಿದ.

“ಚಹಾಪುಡಿ ಎಲ್ಲೈತಿ?”

“ಒಲಿ ಮ್ಯಾಲಿನ ಗೂಡಿನ್ಯಾಗ, ಹಿತ್ತಾಳಿ ಡಬ್ಬಿ.” ಹಿಂದೆ ಮೊಮ್ಮಗು ಏನೋ ತೊದಲುತ್ತಿತ್ತು. “ಬಚ್ಚಲ ತೊಳದ್ರಿ? ಹೆಣ್ಮಕ್ಕಳು ಬರತಾರ.”

“ತೊಳೀತೇನಿ.” ಹಾಗೇ ಸಿದ್ರಾಮ ಕೇಳಿದ. “ನೀ ಬರೋ ಐತವಾರ ಬರತೀಯೇನು?”

“ಐತವಾರ ಇಲ್ಲೂ ಆಗತೈತ್ರಿ,” ಎಂದಳು ಗುರುಸಿದ್ದವ್ವ. ದನಿ ಮೆತ್ತಗಿತ್ತು. “ಬರೋ ಐತವಾರ ನೀವ ಬರ್ರಿ. ಕೂಸು ನಿಮ್ಮ ಮಾರಿ ನೋಡಿಲ್ಲ ಇನ್ನ.”

ಬರುತ್ತೇನೆ ಎನ್ನಲು ಸಿದ್ರಾಮ ಬಾಯಿ ತೆರೆದ. ಖರೇ ಹೇಳುತ್ತೇನೆ, ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರದೋ ಹಳದಿ ದೋಣಿ ದಡಕ್ಕೆ ತಾಗಿತು, “ಕಾಕಾ, ಧರಾ” ಎಂದು ಹಗ್ಗ ಎಸೆದರು. ಅವನು ಫೋನನ್ನು ಹೆಗಲಿಗೆ ಒತ್ತಿಕೊಂಡು ಎರಡೂ ಕೈಯಿಂದ ಹಗ್ಗ ಹಿಡಿದ. ಮಹಾಗಾಂವದಲ್ಲಿ ಗುರುಸಿದ್ದವ್ವ ಸ್ವಲ್ಪ ಹೊತ್ತು ಕಾದಳು, ಆಮೇಲೆ ತಾನೇ ಫೋನಿಟ್ಟಳು.